ರಕ್ತದ ರಿಪೋರ್ಟಿನಲ್ಲಿ ನೋಡದೆ ಬಿಡುವ ಸಾಲುಗಳು

ರಿಪೋರ್ಟ್ ಕೈಗೆ ಬಂದ ಕೂಡಲೇ ಎಲ್ಲರ ಕಣ್ಣು ಹೋಗುವುದು ಸಕ್ಕರೆಗೆ, ಕೊಲೆಸ್ಟ್ರಾಲಿಗೆ. ಸಾವಿನ ಅಪಾಯ ಯಾರಿಗೆ ಹೆಚ್ಚು ಎಂದು ಜನಸಾಮಾನ್ಯರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಎದ್ದು ಕಂಡದ್ದು ಮಾತ್ರ ಆಲ್ಬುಮಿನ್ (ಲಿವರ್ ತಯಾರಿಸುವ ರಕ್ತದ ಪ್ರೊಟೀನ್), ಆರ್‌ಡಿಡಬ್ಲ್ಯೂ (ಕೆಂಪುಕಣಗಳ ಗಾತ್ರ ಎಷ್ಟು ಏರುಪೇರು ಎಂಬ ಅಳತೆ), ಸಿಆರ್‌ಪಿ (ಸೋಂಕು, ಉರಿಯೂತ ಇದ್ದಾಗ ಏರುವ ಪ್ರೊಟೀನ್). 2018ರಲ್ಲಿ ಬಂದ 'ಫಿನೋಟೈಪಿಕ್ ಏಜ್' (ದೇಹಕ್ಕೆ ನಿಜಕ್ಕೂ ಎಷ್ಟು ವಯಸ್ಸಾಗಿದೆ ಎಂಬ ಅಂದಾಜು) ಲೆಕ್ಕ ವಯಸ್ಸಿನ ಜೊತೆ ರಕ್ತದ ಒಂಬತ್ತು ಅಂಶ ಹಿಡಿಯುತ್ತದೆ. ಈ ಮೂರೂ ಅದರಲ್ಲಿವೆ, ಕೊಲೆಸ್ಟ್ರಾಲ್ ಇಲ್ಲ.

ಮೊದಲು ರಕ್ತ ಕೊಡುವ ಹೊತ್ತು ನೋಡಿ. ಮಳೆಗಾಲದ ಇಲಿಜ್ವರ ಇರಲಿ, ಸಿದ್ದಾಪುರದ ಕಡೆಯ ಮಂಗನ ಕಾಯಿಲೆ ಇರಲಿ, ಬರೀ ಶೀತಜ್ವರವೇ ಇರಲಿ, ವಾಸಿಯಾಗಿ ಮೂರು ವಾರ ಕಳೆಯಲಿ. ಜ್ವರದಲ್ಲಿ ಸಿಆರ್‌ಪಿ ಏರುತ್ತದೆ, ಆಲ್ಬುಮಿನ್ ಇಳಿಯುತ್ತದೆ. ಆ ಅಂಕಿ ಜ್ವರದ್ದು, ನಿಮ್ಮ ಆಯುಸ್ಸಿನದ್ದಲ್ಲ. ಹಿಂದಿನ ದಿನ ಬಲೆ ಎಳೆಯುವಂಥ ಮೈಮುರಿ ಕೆಲಸ ಬೇಡ. ರಾತ್ರಿ ಮೀನು, ಮಾಂಸ ಜಾಸ್ತಿ ತಿಂದರೆ ಕ್ರಿಯಾಟಿನಿನ್ (ಮಾಂಸಖಂಡದಿಂದ ಬಂದು ಕಿಡ್ನಿ ಹೊರಹಾಕುವ ಕಸ) ಏರಬಹುದು. ಬೆಳಿಗ್ಗೆ ಬೆಲ್ಲದ ಕಷಾಯ ಕುಡಿದು 'ಖಾಲಿ ಹೊಟ್ಟೆ' ಎನ್ನಬೇಡಿ.

ಲ್ಯಾಬಿನಲ್ಲಿ ಹದಿನೈದು ನಿಮಿಷ ಕುಳಿತುಕೊಳ್ಳಿ. ತೋಳಿನ ಪಟ್ಟಿ ಒಂದು ನಿಮಿಷ ದಾಟಿದರೆ ರಕ್ತ ಗಟ್ಟಿಯಾಗಿ ಆಲ್ಬುಮಿನ್ ಸುಳ್ಳಾಗಿ ಏರುತ್ತದೆ. ಹಳ್ಳಿಯಲ್ಲಿ ತೆಗೆದ ರಕ್ತ ಘಟ್ಟ ಇಳಿದು ಕಾರವಾರಕ್ಕೆ ಹೋಗುವುದಾದರೆ, ಸಕ್ಕರೆಗೆ ಬೂದು ಮುಚ್ಚಳದ ಟ್ಯೂಬೇ ಆಗಬೇಕು. ಬೇರೆಯದರಲ್ಲಿ ರಕ್ತಕಣಗಳು ಗಂಟೆಗೆ ಶೇ. 5ರಿಂದ 7ರಷ್ಟು ಸಕ್ಕರೆಯನ್ನು ತಿಂದು ಮುಗಿಸುತ್ತವೆ.

ಈಗ ಓದುವುದು. ಆಲ್ಬುಮಿನ್ ಡೆಸಿಲೀಟರಿಗೆ 3.5 ಗ್ರಾಂಗಿಂತ ಕೆಳಗಿದ್ದರೆ ಲಿವರ್ ಪರೀಕ್ಷೆ, ಮೂತ್ರದ ಪ್ರೊಟೀನ್, ಊಟ ಮೂರನ್ನೂ ನೋಡಬೇಕು. ಆರ್‌ಡಿಡಬ್ಲ್ಯೂ ಸಿಬಿಸಿಯಲ್ಲೇ (ರಕ್ತಕಣಗಳ ಸಾಮಾನ್ಯ ಎಣಿಕೆ) ಇರುತ್ತದೆ, ಬೇರೆ ದುಡ್ಡಿಲ್ಲ. ಅದು ಶೇ. 14.5 ದಾಟಿದರೆ ಸಾವಿನ ಭಯಕ್ಕಿಂತ ಮೊದಲು ಕಬ್ಬಿಣ, ಬಿ12 ನೋಡಿಸಿ. ಹಾಲು-ಮೊಸರೂ ಕಡಿಮೆ ತಿನ್ನುವ ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಸಾಮಾನ್ಯ. ಕಬ್ಬಿಣ ಕಡಿಮೆಯಿದ್ದರೆ ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ಸಕ್ಕರೆ) ಕೂಡ ಇದ್ದುದಕ್ಕಿಂತ ಹೆಚ್ಚು ತೋರಿಸಬಹುದು. ಸಿಆರ್‌ಪಿ ಲೀಟರಿಗೆ 10 ಮಿಲಿಗ್ರಾಂ ದಾಟಿದ್ದರೆ ಎಲ್ಲೋ ಸೋಂಕು ಅಥವಾ ಉರಿಯೂತ ಇರಬಹುದು, ಕಾರಣ ಹುಡುಕಿ ಆಮೇಲೆ ಮತ್ತೊಮ್ಮೆ ಮಾಡಿಸಿ. ಕ್ರಿಯಾಟಿನಿನ್ ಏರಿದರೆ ಕಿಡ್ನಿ ಎಂದು ಎಲ್ಲರಿಗೂ ಗೊತ್ತು. ತೀರಾ ಇಳಿದರೆ? ವಯಸ್ಸಾದವರಲ್ಲಿ ಅದು ಮಾಂಸಖಂಡ ಕರಗಿದ ಗುರುತಾಗಿರಬಹುದು, ಸಂತೋಷಪಡುವಂಥದ್ದಲ್ಲ.

ಈ ಅಂಕಿಗಳು ಗುಂಪಿನ ಅಪಾಯ ಹೇಳುತ್ತವೆ, ನಿಮ್ಮ ಸಾವಿನ ತಾರೀಖನ್ನಲ್ಲ. ಹಾಗಾಗಿ ನಿಮ್ಮ ಹಳೆಯ ರಿಪೋರ್ಟಿನ ಪಕ್ಕದಲ್ಲೇ ಇಟ್ಟು ಓದಿ: 4.4 ಇದ್ದ ಆಲ್ಬುಮಿನ್ ಎರಡು ವರ್ಷದಲ್ಲಿ 3.7ಕ್ಕೆ ಬಂದಿದ್ದರೆ, 'ನಾರ್ಮಲ್' ಎಂದು ಅಚ್ಚಾಗಿದ್ದರೂ ಡಾಕ್ಟರಿಗೆ ತೋರಿಸಿ. ಲ್ಯಾಬ್ ಬದಲಿಸಬೇಡಿ. ಆಲ್ಬುಮಿನ್ ಅಳೆಯಲು ಬಿಸಿಜಿ, ಬಿಸಿಪಿ ಎಂಬ ಎರಡು ಬಣ್ಣ ಬಳಸುತ್ತಾರೆ, ಬಿಸಿಜಿ ತುಸು ಹೆಚ್ಚೇ ತೋರಿಸುತ್ತದೆ.