ಐದು ಜನರ ಪಾತ್ರೆಯಲ್ಲಿ ಇಬ್ಬರ ಅಡುಗೆ

ನಲವತ್ತೆಂಟನೆಯ ವಯಸ್ಸಿನಲ್ಲಿ ನನ್ನ ತೂಕ ಸದ್ದಿಲ್ಲದೆ ಏರತೊಡಗಿತು. ಹೊಸದಾಗಿ ಏನನ್ನೂ ತಿನ್ನಲು ಆರಂಭಿಸಿರಲಿಲ್ಲ. ಊಟದ ಹೊತ್ತು ಬದಲಾಗಿರಲಿಲ್ಲ, ಹೊರಗಿನ ತಿಂಡಿಯ ಚಟವೂ ಇರಲಿಲ್ಲ. ಹಾಗಾದರೆ ಎಪ್ಪತ್ತಾರು ಕಿಲೊ ಎಲ್ಲಿಂದ ಬಂತು ಎಂದು ತಿಂಗಳುಗಟ್ಟಲೆ ಯೋಚಿಸಿದೆ. ಕಾರಣ ಒಲೆಯ ಮೇಲೆಯೇ ಇತ್ತು. ಮೂವರು ಮಕ್ಕಳೂ ಓದು, ಕೆಲಸ ಎಂದು ಮನೆ ಬಿಟ್ಟು ಎರಡು ವರ್ಷಗಳಾಗಿದ್ದವು, ನಾನು ಮಾತ್ರ ದಿನವೂ ಅದೇ ದೊಡ್ಡ ಪಾತ್ರೆಯನ್ನು ಒಲೆಗೇರಿಸುತ್ತಿದ್ದೆ. ಬೆಳೆಯುವ ಮಕ್ಕಳ ಹಸಿವಿಗೆ ಕಲಿತ ಕೈಯಳತೆ ಅದು. ಎಣ್ಣೆ ಸುರಿಯುವಾಗ ಎಲ್ಲಿ ನಿಲ್ಲಿಸಬೇಕು, ಧಾನ್ಯ ಎಷ್ಟು ಹಿಡಿ ಹಾಕಬೇಕು ಎಂಬುದನ್ನೆಲ್ಲ ಕೈ ಐದು ಜನರ ಲೆಕ್ಕದಲ್ಲಿಯೇ ನೆನಪಿಟ್ಟುಕೊಂಡಿತ್ತು.

ಉಳಿದ ಅಡುಗೆಯನ್ನು ಎಸೆಯಲು ಮನಸ್ಸು ಒಪ್ಪುವುದಿಲ್ಲ. ಪಾತ್ರೆ ತೊಳೆಯುವ ಮೊದಲು ಅದರ ತಳದಲ್ಲಿ ಉಳಿಯುವ ಎರಡು ಸೌಟು ಯಾರ ಹೊಟ್ಟೆಗೆ ಹೋಗುತ್ತದೆ ಎಂದು ಅಡುಗೆ ಮಾಡುವ ಯಾರನ್ನೇ ಕೇಳಿ, ಅವರಿಗೆ ಗೊತ್ತಿರುತ್ತದೆ. ಊಟ ಮುಗಿದ ಮೇಲಿನ ಆ ಎರಡು ಸೌಟನ್ನು ನಾವು ಊಟವೆಂದು ಎಣಿಸುವುದೇ ಇಲ್ಲ.

ಆದ್ದರಿಂದ ನಡುವಯಸ್ಸಿನಲ್ಲಿ ತೂಕ ಇಳಿಸಬೇಕು ಎನ್ನುವವರಿಗೆ ನಾನು ಹೇಳುವ ಮೊದಲ ಮಾತು, ಏನನ್ನೂ ಬಿಡಬೇಡಿ, ಮೊದಲು ಪಾತ್ರೆಯನ್ನು ಬದಲಿಸಿ. ದೊಡ್ಡದನ್ನು ಕೈಗೆ ಸುಲಭವಾಗಿ ಸಿಗದ ಜಾಗಕ್ಕೆ ಏರಿಸಿ, ಇಂದು ಊಟಕ್ಕೆ ಕೂರುವವರಿಗೆ ತಕ್ಕ ಪಾತ್ರೆಯನ್ನು ಮುಂದಿಡಿ. ಜೊತೆಗೆ ಸೌಟನ್ನೂ ಚಿಕ್ಕದು ಮಾಡಿ. ಚಿಕ್ಕ ಪಾತ್ರೆಯಲ್ಲಿ ಕೈ ತಾನಾಗಿಯೇ ತಡೆದು ನಿಲ್ಲುತ್ತದೆ, ಏಕೆಂದರೆ ಹೆಚ್ಚು ಹಾಕಿದರೆ ಉಕ್ಕುತ್ತದೆ.

ಎರಡನೆಯದು ಎಣ್ಣೆ. ಇದರ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಕಣ್ಣಿಗೆ ಕಾಣದಂತೆ ಊಟದೊಳಗೆ ಸೇರುವ ವಸ್ತು ಇದು. ಪಿಷ್ಟವಾಗಲಿ ಪ್ರೋಟೀನ್ ಆಗಲಿ ಗ್ರಾಂಗೆ 4 ಕ್ಯಾಲೊರಿ ಕೊಟ್ಟರೆ ಕೊಬ್ಬು 9 ಕ್ಯಾಲೊರಿ ಕೊಡುತ್ತದೆ. 15 ಮಿಲಿಲೀಟರ್ ಹಿಡಿಯುವ ಒಂದು ದೊಡ್ಡ ಚಮಚ ಎಣ್ಣೆ ಎಂದರೆ ಸುಮಾರು 120 ಕ್ಯಾಲೊರಿ. ಆದರೆ ದಿನದಿನದ ಲೆಕ್ಕ ಹಿಡಿಯುವ ತಾಳ್ಮೆ ನನಗಿರಲಿಲ್ಲ, ನಿಮಗೂ ಅದು ಬೇಕಾಗಿಲ್ಲ. ತಿಂಗಳ ಲೆಕ್ಕ ಹಿಡಿಯಿರಿ. ಹೊಸ ಎಣ್ಣೆ ಒಡೆದ ದಿನಾಂಕವನ್ನು ಅದರ ಮೇಲೆಯೇ ಬರೆದಿಡಿ. ಹಾಗೆ ಬರೆದಿಟ್ಟಾಗಲೇ ನಮ್ಮಿಬ್ಬರಿಗೆ ತಿಂಗಳಿಗೆ ಎರಡೂವರೆ ಲೀಟರ್ ಖರ್ಚಾಗುತ್ತಿದೆ ಎಂದು ನನಗೆ ತಿಳಿದದ್ದು. ಒಬ್ಬೊಬ್ಬರಿಗೆ ದಿನಕ್ಕೆ 40 ಮಿಲಿಲೀಟರ್‌ಗೂ ತುಸು ಹೆಚ್ಚು. ಎಣ್ಣೆಯಿಂದಲೇ ಮುನ್ನೂರಕ್ಕೂ ಹೆಚ್ಚು ಕ್ಯಾಲೊರಿ.

ನಾನು ಒಮ್ಮೆಗೇ ಅರ್ಧಕ್ಕೆ ಇಳಿಸಲಿಲ್ಲ. ತಿಂಗಳಿಗೆ ಕಾಲು ಲೀಟರ್‌ನಂತೆ ಕಡಿಮೆ ಮಾಡುತ್ತ ಬಂದೆ. ಐದು ತಿಂಗಳಲ್ಲಿ ಒಂದೂಕಾಲು ಲೀಟರ್‌ಗೆ ಬಂದು ನಿಂತಿತು. ನನ್ನ ಪತಿಗೆ ಈ ಬದಲಾವಣೆ ತಿಳಿಯಲೇ ಇಲ್ಲ, ನಾನಾಗಿಯೇ ಹೇಳಿದಾಗ ನಂಬಲೂ ಇಲ್ಲ. ಮಾಡಿದ್ದಿಷ್ಟೇ. ಡಬ್ಬಿಯಿಂದ ನೇರವಾಗಿ ಬಾಣಲೆಗೆ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಅಳೆಯತೊಡಗಿದೆ. ದಪ್ಪ ತಳದ ಬಾಣಲೆಯನ್ನು ಮೊದಲು ಕಾಯಿಸಿ ಆಮೇಲೆ ಎಣ್ಣೆ ಹಾಕಿದೆ, ಬಿಸಿ ತಳದಲ್ಲಿ ಎಣ್ಣೆ ತೆಳುವಾಗಿ ಹರಡುವುದರಿಂದ ಸ್ವಲ್ಪವೇ ಸಾಕಾಗುತ್ತದೆ. ಈರುಳ್ಳಿ ತಳ ಹಿಡಿಯುವಂತಾದಾಗ ಮತ್ತೊಂದು ಚಮಚ ಎಣ್ಣೆಯ ಬದಲು ಎರಡು ಚಮಚ ನೀರು ಚಿಮುಕಿಸಿ ಮುಚ್ಚಳ ಮುಚ್ಚಿದೆ. ತರಕಾರಿ ತನ್ನ ನೀರಿನಲ್ಲಿಯೇ ಬೇಯುತ್ತದೆ, ಕೊನೆಯಲ್ಲಿ ಮುಚ್ಚಳ ತೆಗೆದು ಉರಿ ಹೆಚ್ಚಿಸಿದರೆ ಹುರಿದ ಪರಿಮಳವೂ ಬರುತ್ತದೆ. ಮಸಾಲೆಯನ್ನು ಎಣ್ಣೆಯಿಲ್ಲದೆ ಬಿಸಿ ಬಾಣಲೆಯಲ್ಲಿ ಹುರಿದು, ಪುಡಿ ಮಾಡಿ, ಇಳಿಸುವ ಹೊತ್ತಿಗೆ ಬೆರೆಸಿದರೆ ಘಮಕ್ಕೆ ಕೊರತೆಯಾಗುವುದಿಲ್ಲ. ಕರಿದ ತಿಂಡಿಯನ್ನು ನಾನು ನಿಷೇಧಿಸಲಿಲ್ಲ, ವಾರಕ್ಕೊಮ್ಮೆ ಇದ್ದದ್ದು ತಿಂಗಳಿಗೊಮ್ಮೆಯಾಯಿತು. ಕರಿದು ಉಳಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದನ್ನು ಮಾತ್ರ ಪೂರ್ತಿ ನಿಲ್ಲಿಸಿದೆ.

ಎಣ್ಣೆ ಕಡಿಮೆಯಾದಾಗ ಅಡುಗೆ ಸಪ್ಪೆ ಎನಿಸಿ ಕೈ ಉಪ್ಪಿನ ಕಡೆಗೆ ಹೋಗುತ್ತದೆ. ಇಲ್ಲಿ ಎಚ್ಚರವಿರಲಿ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಎಂದರೆ ಸಣ್ಣ ಚಮಚಕ್ಕೂ ಒಳಗೆ. ಉಪ್ಪಿನ ಜಾಗವನ್ನು ಹುಳಿ ತುಂಬುತ್ತದೆ. ಇಳಿಸಿದ ಮೇಲೆ ನಾಲ್ಕು ಹನಿ ನಿಂಬೆರಸ, ಹಸಿ ಸೊಪ್ಪು, ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸು ಇವೆಲ್ಲ ನಾಲಿಗೆಯನ್ನು ಸಮಾಧಾನಪಡಿಸುತ್ತವೆ. ಕೆಲವು ವಾರ ತಡೆದುಕೊಂಡರೆ ನಾಲಿಗೆಯೇ ಬದಲಾಗುತ್ತದೆ, ಆಮೇಲೆ ಹಳೆಯ ಅಳತೆಯ ಅಡುಗೆ ಬಾಯಿಗಿಟ್ಟರೆ ಉಪ್ಪುಪ್ಪು ಎನಿಸುತ್ತದೆ. ಸಕ್ಕರೆಗೂ ಇದೇ ಉಪಾಯ. ಚಹಾದಲ್ಲಿ ಎರಡು ವಾರಕ್ಕೊಮ್ಮೆ ಕಾಲು ಚಮಚ ಕಡಿಮೆ ಮಾಡಿ.

ಈಗ ನನ್ನ ತಪ್ಪಿನ ಕಥೆ ಹೇಳಬೇಕು. ಇದೆಲ್ಲ ತಿಳಿಯುವ ಮೊದಲು, ಹತ್ತಿರದ ಮದುವೆಯೊಂದಕ್ಕೆ ಮುಂಚೆ ತೆಳ್ಳಗಾಗಬೇಕೆಂಬ ಹಟಕ್ಕೆ ಬಿದ್ದು ರಾತ್ರಿಯ ಊಟ ಬಿಟ್ಟೆ, ಮಧ್ಯಾಹ್ನ ಬರೀ ಹಣ್ಣು ತಿಂದೆ. ಐದು ವಾರದಲ್ಲಿ ಆರು ಕಿಲೊ ಇಳಿಯಿತು. ಎಲ್ಲರೂ ಹೊಗಳಿದರು. ನಂತರ ಬಾಚಣಿಗೆಯ ತುಂಬ ಕೂದಲು ಬಂತು, ಮೆಟ್ಟಿಲೇರಿದರೆ ಕಾಲು ನಡುಗಿತು, ಎಂಟು ತಿಂಗಳಲ್ಲಿ ಏಳು ಕಿಲೊ ವಾಪಸಾಯಿತು. ಮೊದಲ ವಾರದಲ್ಲಿ ಸರ್ರನೆ ಇಳಿಯುವುದು ಬಹುಪಾಲು ನೀರು ಎಂದು ಆಮೇಲೆ ಓದಿ ತಿಳಿದೆ. ದೇಹವು ಪಿಷ್ಟವನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಡುವಾಗ ಅದರ ಪ್ರತಿ ಗ್ರಾಂನೊಂದಿಗೆ ಸುಮಾರು 3 ಗ್ರಾಂ ನೀರನ್ನೂ ಹಿಡಿದಿಡುತ್ತದೆ, ಉಪವಾಸದಲ್ಲಿ ಎರಡೂ ಒಟ್ಟಿಗೆ ಖಾಲಿಯಾಗುತ್ತವೆ. ನೀರಿನ ನಂತರ ಕರಗುವುದರಲ್ಲಿ ಕೊಬ್ಬಿನ ಜೊತೆ ಸ್ನಾಯುವೂ ಸೇರಿರುತ್ತದೆ. ಹಾಗೆ ಆತುರವಾಗಿ ತೂಕ ಇಳಿಸಿದವರಿಗೆ ಪಿತ್ತಕೋಶದಲ್ಲಿ ಕಲ್ಲಾಗುವ ಅಪಾಯವೂ ಹೆಚ್ಚು.

ವಯಸ್ಸಾಯಿತು, ಇನ್ನು ದೇಹ ಮೊದಲಿನಂತೆ ಕ್ಯಾಲೊರಿ ಸುಡುವುದಿಲ್ಲ ಎಂದು ಕೈಚೆಲ್ಲುವವರನ್ನು ಕಂಡರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. 29 ದೇಶಗಳ 6,400ಕ್ಕೂ ಹೆಚ್ಚು ಜನರನ್ನು, ಎಂಟು ದಿನದ ಕೂಸಿನಿಂದ 95ರ ಹಿರಿಯರವರೆಗೆ, ಅಳೆದು ನೋಡಿದ ಅಧ್ಯಯನವೊಂದು 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ದೇಹದ ಗಾತ್ರ ಮತ್ತು ಸ್ನಾಯುವಿನ ಪ್ರಮಾಣವನ್ನು ಲೆಕ್ಕಕ್ಕೆ ತೆಗೆದುಕೊಂಡರೆ 20ರಿಂದ 60ರವರೆಗೆ ದೇಹ ಖರ್ಚು ಮಾಡುವ ಶಕ್ತಿ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ ಎಂದು ಅದು ತೋರಿಸಿತು. ಹಾಗಾದರೆ ಬದಲಾಗುವುದೇನು? ಸ್ನಾಯು ಕಡಿಮೆಯಾಗುತ್ತದೆ, 30 ದಾಟಿದ ಮೇಲೆ ದಶಕಕ್ಕೆ ಶೇಕಡಾ 3ರಿಂದ 8ರಷ್ಟು. ಓಡಾಟ ಕಡಿಮೆಯಾಗುತ್ತದೆ. ನಿದ್ದೆ ಕೆಡುತ್ತದೆ, ನಿದ್ದೆಗೆಟ್ಟ ಮರುದಿನ ಹಸಿವು ಹೆಚ್ಚಾಗುವುದು ನಿಮ್ಮ ಗಮನಕ್ಕೂ ಬಂದಿರಬಹುದು. ಹೆಂಗಸರಲ್ಲಿ ಮುಟ್ಟು ನಿಲ್ಲುವ ಕಾಲಕ್ಕೆ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿದು, ತೊಡೆ ಸೊಂಟಗಳಲ್ಲಿ ಸೇರುತ್ತಿದ್ದ ಕೊಬ್ಬು ಹೊಟ್ಟೆಯ ಸುತ್ತ ಸೇರತೊಡಗುತ್ತದೆ. ಇವುಗಳಲ್ಲಿ ಸ್ನಾಯು, ಓಡಾಟ, ನಿದ್ದೆ ಬಹುಮಟ್ಟಿಗೆ ನಮ್ಮ ಕೈಯಲ್ಲಿರುವ ಸಂಗತಿಗಳು.

ಎಷ್ಟು ಇಳಿಸಬೇಕು ಎಂಬುದಕ್ಕೂ ಮದುವೆಯ ಹೊಸತರಲ್ಲಿದ್ದ ತೂಕವನ್ನು ಗುರಿಯಾಗಿಟ್ಟುಕೊಳ್ಳಬೇಡಿ. ಈಗಿನ ತೂಕದ ಶೇಕಡಾ 5ರಿಂದ 10ರಷ್ಟು ಇಳಿದರೂ ರಕ್ತದೊತ್ತಡ, ಸಕ್ಕರೆ, ಕೊಬ್ಬಿನಂಶಗಳು ಸುಧಾರಿಸುತ್ತವೆ. ಅಮೆರಿಕದಲ್ಲಿ ನಡೆದು 2002ರಲ್ಲಿ ವರದಿಯಾದ ಮಧುಮೇಹ ತಡೆಯ ದೊಡ್ಡ ಪ್ರಯೋಗದಲ್ಲಿ, ಮಧುಮೇಹದ ಅಂಚಿನಲ್ಲಿದ್ದವರಿಗೆ ಕೊಟ್ಟ ಗುರಿ ಶೇಕಡಾ 7ರಷ್ಟು ತೂಕ ಇಳಿಸುವುದು ಮತ್ತು ವಾರಕ್ಕೆ 150 ನಿಮಿಷ ನಡೆಯುವಂತಹ ವ್ಯಾಯಾಮ, ಅಷ್ಟೇ. ಅವರಲ್ಲಿ ಮಧುಮೇಹ ಬರುವುದು ಶೇಕಡಾ 58ರಷ್ಟು ಕಡಿಮೆಯಾಯಿತು. ನನಗೆ ಎಪ್ಪತ್ತಾರರಿಂದ ಅರುವತ್ತೊಂಬತ್ತಕ್ಕೆ ಬರಲು ಹದಿನಾಲ್ಕು ತಿಂಗಳು ಹಿಡಿಯಿತು. ತಿಂಗಳಿಗೆ ಅರ್ಧ ಕಿಲೊ. ಅದು ವಾಪಸಾಗಿಲ್ಲ.

ಮನೆಯಲ್ಲಿ ತೂಕ ಇಳಿಸುವವರು ಮಾಡುವ ದೊಡ್ಡ ತಪ್ಪು ತಮಗೆಂದೇ ಬೇರೆ ಅಡುಗೆ ಮಾಡಿಕೊಳ್ಳುವುದು. ದಿನಕ್ಕೆರಡು ಅಡುಗೆ ಮಾಡುವವರು ಮೂರೇ ವಾರದಲ್ಲಿ ದಣಿಯುತ್ತಾರೆ, ಜೊತೆಗೆ ಇಡೀ ಮನೆಯ ಊಟದ ಪರಿಮಳದ ನಡುವೆ ಪಥ್ಯದವರಂತೆ ಕೂರುವುದು ಮನಸ್ಸಿಗೆ ನೋವು. ಎಲ್ಲರಿಗೂ ಒಂದೇ ಅಡುಗೆ ಇರಲಿ, ಬದಲಾಗಬೇಕಾದದ್ದು ತಟ್ಟೆಯೊಳಗಿನ ಪಾಲು. ಅರ್ಧ ತಟ್ಟೆ ತರಕಾರಿ, ಸೊಪ್ಪು. ಉಳಿದರ್ಧದಲ್ಲಿ ಒಂದು ಪಾಲು ಧಾನ್ಯ, ಇನ್ನೊಂದು ಪಾಲು ಬೇಳೆಕಾಳು, ಮೊಟ್ಟೆ, ಮೀನು, ಮೊಸರಿನಂಥವು. ಬೆಳೆಯುವ ಮಕ್ಕಳಿದ್ದರೆ ಅವರು ಧಾನ್ಯ ಹೆಚ್ಚು ಬಡಿಸಿಕೊಳ್ಳಲಿ. ಇದಕ್ಕೊಂದು ಸಣ್ಣ ಅಭ್ಯಾಸ ನೆರವಾಗುತ್ತದೆ, ಅಡುಗೆಯನ್ನು ತರಕಾರಿಯಿಂದಲೇ ಆರಂಭಿಸಿ. ಧಾನ್ಯ ಬೇಯಿಸಿಟ್ಟು ಆಮೇಲೆ ಹೊತ್ತಿದ್ದರೆ ತರಕಾರಿ ಎಂದುಕೊಂಡರೆ, ದಣಿದ ದಿನ ತರಕಾರಿಯೇ ತಪ್ಪಿಹೋಗುತ್ತದೆ. ಬಿಡುವಿದ್ದಾಗ ತೊಳೆದು ಹೆಚ್ಚಿಟ್ಟರೆ ಎರಡು ಮೂರು ದಿನಕ್ಕೆ ನಿಶ್ಚಿಂತೆ.

ಬೇಳೆಕಾಳಿನ ಪಾಲನ್ನು ಕಡಿಮೆ ಮಾಡಬೇಡಿ ಎಂದು ಒತ್ತಿ ಹೇಳುತ್ತೇನೆ. ಸ್ನಾಯು ಉಳಿಯಲು ಪ್ರೋಟೀನ್ ಬೇಕು, ಅದರ ಜೊತೆಗೆ ಸ್ನಾಯುವಿಗೆ ಕೆಲಸವೂ ಬೇಕು. ವಾರದ ನಡಿಗೆಯಲ್ಲದೆ ಎರಡು ದಿನವಾದರೂ ಭಾರದ ಕೆಲಸ ಇರಲಿ. ಕೈಯೂರದೆ ಕುರ್ಚಿಯಿಂದ ಹತ್ತು ಸಲ ಏಳುವುದು, ಗೋಡೆಗೆ ಕೈಯಿಟ್ಟು ತಳ್ಳುವುದು, ನೀರು ತುಂಬಿದ ಬಾಟಲಿ ಎತ್ತುವುದು, ಆರಂಭಕ್ಕೆ ಇಷ್ಟು ಸಾಕು.

ಪೊಟ್ಟಣದ ತಿಂಡಿಯ ಬಗ್ಗೆ ಒಂದೇ ಮಾತು. 2019ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ 20 ಜನರಿಗೆ ಎರಡು ವಾರ ಕಾರ್ಖಾನೆಯಲ್ಲಿ ಹೆಚ್ಚು ಸಂಸ್ಕರಿಸಿದ ಆಹಾರ, ಎರಡು ವಾರ ಸಹಜ ಆಹಾರ ಕೊಟ್ಟು, ಬೇಕಾದಷ್ಟು ತಿನ್ನಿ ಎಂದರು. ಸಂಸ್ಕರಿಸಿದ್ದನ್ನು ತಿನ್ನುವಾಗ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಅಂಥ ತಿಂಡಿ ಮನೆಯಲ್ಲಿಲ್ಲದಿದ್ದರೆ ಮನಸ್ಸಿನೊಡನೆ ದಿನವೂ ಜಗಳವಾಡುವ ಕಷ್ಟ ತಪ್ಪುತ್ತದೆ.

ತೂಕವನ್ನು ವಾರಕ್ಕೊಮ್ಮೆ, ಬೆಳಿಗ್ಗೆ, ಏನನ್ನೂ ತಿನ್ನುವ ಮೊದಲು ನೋಡಿ. ಹಿಂದಿನ ದಿನ ಉಪ್ಪು ಹೆಚ್ಚಾಗಿದ್ದರೆ ನೀರು ನಿಂತು ಮುಳ್ಳು ಏರಿರುತ್ತದೆ, ಅದಕ್ಕೆ ಕುಗ್ಗಬೇಡಿ. ನನಗೆ ಆರನೆಯ ತಿಂಗಳಿನಿಂದ ಎಂಟನೆಯ ತಿಂಗಳವರೆಗೆ ಮುಳ್ಳು ಕದಲಲೇ ಇಲ್ಲ, ಆದರೆ ಸೊಂಟದ ಸುತ್ತಳತೆ ಎರಡು ಸೆಂಟಿಮೀಟರ್ ಇಳಿದಿತ್ತು. ಅಳತೆಪಟ್ಟಿಯನ್ನು ಹತ್ತಿರವೇ ಇಟ್ಟುಕೊಳ್ಳಿ. ಸೊಂಟದ ಸುತ್ತಳತೆ ಎತ್ತರದ ಅರ್ಧಕ್ಕಿಂತ ಕಡಿಮೆಯಿರಬೇಕು, 160 ಸೆಂಟಿಮೀಟರ್ ಎತ್ತರದವರಿಗೆ 80ರ ಒಳಗೆ.

ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ರಕ್ತದೊತ್ತಡದ ಮಾತ್ರೆ ನುಂಗುವವರು ಊಟ ಬದಲಿಸುವ ಮೊದಲೇ ವೈದ್ಯರಿಗೆ ತಿಳಿಸಿ. ಊಟ ಕಡಿಮೆಯಾಗಿ ಔಷಧಿಯ ಪ್ರಮಾಣ ಹಾಗೆಯೇ ಉಳಿದರೆ ಸಕ್ಕರೆಯೋ ಒತ್ತಡವೋ ಅಪಾಯದ ಮಟ್ಟಕ್ಕೆ ಕುಸಿಯಬಹುದು. ಉಪ್ಪಿನ ಬದಲಿಗೆ ಎಂದು ಮಾರುವ ಪುಡಿಗಳಲ್ಲಿ ಪೊಟ್ಯಾಸಿಯಂ ಇರುತ್ತದೆ, ಮೂತ್ರಪಿಂಡದ ತೊಂದರೆಯಿರುವವರು ಅದನ್ನು ತಾವಾಗಿಯೇ ಬಳಸಬಾರದು. ಏನೂ ಪ್ರಯತ್ನವಿಲ್ಲದೆ ತೂಕ ಇಳಿಯುತ್ತಿದ್ದರೆ ಸಂತೋಷಪಡುತ್ತ ಕೂರಬೇಡಿ, ತಪಾಸಣೆ ಮಾಡಿಸಿ.

ಮಕ್ಕಳು ರಜೆಗೆ ಬಂದಾಗ ನಾನು ದೊಡ್ಡ ಪಾತ್ರೆಯನ್ನು ಕೆಳಗಿಳಿಸುತ್ತೇನೆ. ಆ ದಿನಗಳಲ್ಲಿ ಒಂದು ಕ್ರಮ ಮಾಡಿಕೊಂಡಿದ್ದೇನೆ. ಬಡಿಸುವ ಮೊದಲೇ ಮರುದಿನದ ಪಾಲನ್ನು ಡಬ್ಬಿಗೆ ತೆಗೆದು, ಬಿಸಿಯಾರಿದ ಕೂಡಲೇ ಫ್ರಿಜ್‌ನಲ್ಲಿಡುತ್ತೇನೆ. ಊಟ ಮುಗಿದಾಗ ತಳದಲ್ಲಿ ಎರಡು ಸೌಟು ಉಳಿಯುವುದಿಲ್ಲ.