ಕೇಪು ಸಿಡಿಯಿತು, ಗುಂಡು ಹೋಗಲಿಲ್ಲ: ಬಾಯಿಂದ ಮದ್ದು ತುಂಬುವ ಬಂದೂಕಿನ ದೋಷ ಹಿಡಿಯುವ ಬಗೆ

ರಾಗಿ ತೆನೆ ಕಟ್ಟುವ ಹೊತ್ತಿಗೆ ಹಿಂಗಾರು ಮಳೆಯೂ ಇರುತ್ತದೆ, ಇಬ್ಬನಿಯೂ ಶುರುವಾಗಿರುತ್ತದೆ. ಎಚ್.ಡಿ. ಕೋಟೆ, ಹುಣಸೂರು, ಮಳವಳ್ಳಿ ಕಡೆ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಒಂಟಿ ನಳಿಗೆ ಬಂದೂಕುಗಳು ಕೈಕೊಡುವುದೂ ಆಗಲೇ. ಎಲ್ಲರೂ ಮೊದಲು ಬೈಯುವುದು ಮದ್ದನ್ನು: ‘ನೆಂದುಹೋಗಿದೆ’, ‘ಕಲಬೆರಕೆ’. ಬಿಚ್ಚಿ ನೋಡಿದರೆ ಮದ್ದು ಎಷ್ಟೋ ಸಲ ಚೆನ್ನಾಗಿಯೇ ಇರುತ್ತದೆ. ಕೇಪು ಎಂದರೆ ಪೆಟ್ಟು ಬಿದ್ದರೆ ಕಿಡಿ ಕಾರುವ ಪುಟ್ಟ ಲೋಹದ ಟೋಪಿ. ಅದರ ಬೆಂಕಿ ಮದ್ದಿಗೆ ತಲುಪುವ ದಾರಿ ಒಂದು ಇಂಚೂ ಇರುವುದಿಲ್ಲ. ಅಷ್ಟರಲ್ಲೇ ಎಣ್ಣೆ, ಮಸಿ ಅಥವಾ ತೇವ ಸೇರಿಕೊಂಡಿರುತ್ತದೆ.

ಗುಂಡು ಹೋಗದಿದ್ದಾಗ ಮೊದಲ ಕೆಲಸ ಕಾಯುವುದು. ನಳಿಗೆಯನ್ನು ಹೇಗಿದೆಯೋ ಹಾಗೇ, ಜನ ದನ ಇಲ್ಲದ ದಿಕ್ಕಿಗೆ ಹಿಡಿದು ಕನಿಷ್ಠ 60 ಸೆಕೆಂಡು ಎಣಿಸಿ. ಎರಡು ನಿಮಿಷ ಕಾದರೆ ಇನ್ನೂ ಒಳ್ಳೆಯದು. ಒಳಗೆ ಒಂದು ಕಿಡಿ ನಿಧಾನಕ್ಕೆ ಉರಿಯುತ್ತಿದ್ದರೆ ಈ ಹೊತ್ತಿನಲ್ಲೇ ಸಿಡಿಯುತ್ತದೆ. ನಳಿಗೆಯ ಬಾಯಿಗೆ ಕಣ್ಣಿಡಬೇಡಿ, ನಿಪ್ಪಲ್ (ಕೇಪು ಕೂರುವ, ನಡುವೆ ತೂತಿರುವ ಸಣ್ಣ ತುಂಡು) ಮೇಲೆ ಮುಖ ಬಗ್ಗಿಸಬೇಡಿ, ಮೇಲಿಂದ ಇನ್ನಷ್ಟು ಮದ್ದು ಸುರಿಯಲೇಬೇಡಿ. ಕಾದ ಮೇಲೆ ಕುದುರೆಯನ್ನು (ಕೇಪಿಗೆ ಬಡಿಯುವ ಸುತ್ತಿಗೆ) ಅರ್ಧಕ್ಕೆ ಎತ್ತಿ ನಿಲ್ಲಿಸಿ, ಕೇಪು ತೆಗೆಯಿರಿ.

ಆಮೇಲೆ ಕೇಳಿಸಿದ ಸದ್ದನ್ನು ನೆನಪಿಸಿಕೊಳ್ಳಿ. ಕೇಪೇ ಸಿಡಿಯಲಿಲ್ಲವೋ, ಕೇಪು ಸಿಡಿದು ಬಂದೂಕು ಸುಮ್ಮನಿತ್ತೋ, ಕೇಪು ಸಿಡಿದು ಒಂದು ಗಳಿಗೆ ಬಿಟ್ಟು ಗುಂಡು ಹೋಯಿತೋ? ಮೂರಕ್ಕೂ ಕಾರಣ ಬೇರೆ ಬೇರೆ.

ಕೇಪೇ ಸಿಡಿಯದಿದ್ದರೆ

ತೆಗೆದ ಕೇಪಿನ ತಲೆ ನೋಡಿ. ಪೆಟ್ಟು ಆಳವಾಗಿ ಬಿದ್ದೂ ಸಿಡಿಯದಿದ್ದರೆ ಕೇಪು ಹಳತು, ಇಲ್ಲವೇ ತೇವ ಹಿಡಿದಿದೆ. ಪೆಟ್ಟಿನ ಗುರುತು ತೆಳ್ಳಗಿದ್ದರೆ ತಪ್ಪು ಕುದುರೆಯದು ಅಥವಾ ಅದರ ಸ್ಪ್ರಿಂಗಿನದು. ಗುರುತು ಒಂದು ಪಕ್ಕಕ್ಕೆ ಬಿದ್ದಿದ್ದರೆ ಕುದುರೆ ಅಲುಗಾಡುತ್ತಿದೆ.

ಮೊದಲ ಏಟಿಗೆ ಸುಮ್ಮನಿದ್ದು ಎರಡನೇ ಏಟಿಗೆ ಸಿಡಿಯುವ ಕೇಪು ನಿಪ್ಪಲ್ ಮೇಲೆ ಪೂರ್ತಿ ಕೂತಿರಲಿಲ್ಲ ಎಂದರ್ಥ. ಮೊದಲ ಏಟಿನ ಬಲವೆಲ್ಲ ಅದನ್ನು ಕೆಳಕ್ಕೆ ಕೂರಿಸುವುದಕ್ಕೇ ಹೋಗಿರುತ್ತದೆ. ಸಾಮಾನ್ಯ ಕೇಪು 11ನೇ ನಂಬರಿನದು. 10ನೇ ನಂಬರು ಅದಕ್ಕಿಂತ ಒಂದು ಕೂದಲೆಳೆ ಬಿಗಿ. ಅಂಚು ಮಡಿಸಿದ ಟೋಪಿಯಂತಿರುವ ಮಸ್ಕೆಟ್ ಕೇಪು ಬೇರೆಯೇ ದೊಡ್ಡ ನಿಪ್ಪಲ್‌ಗೆ. ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು, ಸಡಿಲವಾದರೆ ಹಲ್ಲಲ್ಲಿ ಕಚ್ಚಿ ಚಪ್ಪಟೆ ಮಾಡಿ ಸಿಕ್ಕಿಸುವವರಿದ್ದಾರೆ. ಕೇಪಿನೊಳಗಿರುವುದು ಪೆಟ್ಟು ಬಿದ್ದರೆ ಸಿಡಿಯುವ ಮದ್ದು, ಹಲ್ಲಿನ ಪೆಟ್ಟೂ ಪೆಟ್ಟೇ. ಬಿಗಿ ಕೇಪನ್ನು ಮರದ ಕಡ್ಡಿಯಿಂದ ಒತ್ತಿ ಕೂರಿಸಿ, ಕುದುರೆಯಿಂದ ಒತ್ತಬೇಡಿ.

ಸರಿಯಾದ ನಂಬರಿನ ಕೇಪೂ ಕೂರದಿದ್ದರೆ ನಿಪ್ಪಲ್ ತುದಿ ಜಜ್ಜಿ ಅಗಲವಾಗಿದೆ. ಖಾಲಿ ಬಂದೂಕಿನ ಕುದುರೆ ಎತ್ತಿ ಬಿಟ್ಟು ಮಕ್ಕಳು ಆಡಿದರೆ ಆಗುವುದು ಇದೇ. ನುಣುಪು ಅರದಿಂದ ಅಂಚನ್ನು ಸ್ವಲ್ಪ ಸವರಬಹುದು, ನಿಪ್ಪಲ್ ಬದಲಿಸುವುದು ಮೇಲು. ಬದಲಿಸುವಾಗ ಒಂದು ಎಚ್ಚರ: ಯುರೋಪಿನ ಬಂದೂಕುಗಳ ನಿಪ್ಪಲ್ ಸಾಮಾನ್ಯವಾಗಿ 6 ಮಿ.ಮೀ. ದಪ್ಪ, 1 ಮಿ.ಮೀ. ಪಿಚ್ (ಥ್ರೆಡ್ಡಿನ ಸುತ್ತುಗಳ ನಡುವಿನ ಅಂತರ), ಅಮೆರಿಕದ ಬಹಳಷ್ಟರದು ಕಾಲು ಇಂಚು, ಇಂಚಿಗೆ 28 ಥ್ರೆಡ್. ಕಣ್ಣಿಗೆ ಎರಡೂ ಒಂದೇ. ಸಣ್ಣದನ್ನು ದೊಡ್ಡ ತೂತಿಗೆ ತಿರುಗಿಸಿದರೆ ಹಿಡಿದಂತೆ ಕಂಡು, ಹಾರಿಸಿದಾಗ ಹಿಂದಕ್ಕೆ ಕಿತ್ತುಬರುತ್ತದೆ. ಹಳೆಯದನ್ನು ಬಿಚ್ಚಿ ಅಂಗಡಿಗೆ ಒಯ್ದು ಅಳತೆ ಹಾಕಿಸಿಯೇ ಹೊಸದು ತನ್ನಿ.

ಕುದುರೆ ನಿಧಾನವಾಗಿ ಬೀಳುತ್ತಿದ್ದರೆ, ಸ್ಪ್ರಿಂಗನ್ನು ದೂರುವ ಮುನ್ನ ಯಾವ ಎಣ್ಣೆ ಹಾಕಿದ್ದೀರಿ ಎಂದು ಕೇಳಿಕೊಳ್ಳಿ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಧನುರ್ಮಾಸದ ರಾತ್ರಿ ಮೈಸೂರು ಸೀಮೆಯ ಚಳಿ ಅದಕ್ಕಿಂತ ಎಷ್ಟೋ ಕೆಳಗೆ. ಹಗಲು ಟಕ್ಕೆಂದು ಬೀಳುವ ಕುದುರೆ ನಡುರಾತ್ರಿ ತೂಕಡಿಸುವುದು ಅದಕ್ಕೇ. ಹರಳೆಣ್ಣೆಯೂ ಅಂಟು. ಕುದುರೆಯ ಕೀಲಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ತೊಟ್ಟು ಸಾಕು.

ಕೇಪು ಸಿಡಿದು ಬಂದೂಕು ಸುಮ್ಮನಿದ್ದರೆ

ಹೆಚ್ಚಾಗಿ ಕಾಣುವ ದೋಷ ಇದೇ. ಒಳಗೆ ಮದ್ದಿದೆಯೇ ಎಂಬುದನ್ನು ಗಜ (ಮದ್ದು ಗುಂಡನ್ನು ಒತ್ತಿ ಕೂರಿಸುವ ಕೋಲು) ಹೇಳಬೇಕು. ಗಜದ ಮೇಲೆ ಎರಡು ಗೀರು ಇಲ್ಲದಿದ್ದರೆ ಇವತ್ತೇ ಹಾಕಿ: ಒಂದು ನಳಿಗೆ ಖಾಲಿ ಇದ್ದಾಗ ಬಾಯಿಯ ಮಟ್ಟಕ್ಕೆ, ಇನ್ನೊಂದು ಮದ್ದು ಗುಂಡು ಸರಿಯಾಗಿ ಕೂತಾಗ. ಮುಖ, ಎದೆಯನ್ನು ನಳಿಗೆಯ ನೇರಕ್ಕೆ ತಾರದೆ, ಗಜದ ತುದಿಯನ್ನು ಬೆರಳಲ್ಲಿ ಹಿಡಿದು ಇಳಿಸಿ. ಎರಡನೇ ಗೀರು ನಳಿಗೆಯ ಬಾಯಿಗಿಂತ ಮೇಲೆ ನಿಂತರೆ ಗುಂಡು ಮದ್ದಿನ ಮೇಲೆ ಕೂತಿಲ್ಲ, ನಡುವೆ ಜಾಗ ಉಳಿದಿದೆ. ಹಾಗೆ ಹಾರಿಸಿದರೆ ನಳಿಗೆ ಉಬ್ಬಬಹುದು, ಸಿಡಿಯಲೂಬಹುದು. ಮೊದಲು ಒತ್ತಿ ಕೂರಿಸಿ. ಆ ಗೀರು ಬಾಯಿಗಿಂತ ಕೆಳಗೆ ಹೋದರೆ ಮದ್ದು ಹಾಕುವುದನ್ನೇ ಮರೆತು ಗುಂಡು ಇಳಿಸಿದ್ದೀರಿ.

ಗೀರು ಸರಿಯಿದ್ದರೆ ನಿಪ್ಪಲ್ ತೂತಿಗೆ ಸಣ್ಣ ತಂತಿ ಹಾಕಿ. ಹಳೇ ಪಂಪ್ ಸ್ಟೋವಿನ ಪಿನ್ನು ಮನೆಯಲ್ಲಿ ಎಲ್ಲಾದರೂ ಬಿದ್ದಿದ್ದರೆ ಅದಕ್ಕಿಂತ ಒಳ್ಳೆಯ ಸಾಧನ ಬೇಡ. ಹೊಲಿಗೆ ಸೂಜಿ ಬೇಡ, ಮುರಿದು ಒಳಗೇ ಉಳಿಯುತ್ತದೆ. ಹೊಸ ನಿಪ್ಪಲ್ ತೂತು ಸುಮಾರು 0.7 ಮಿ.ಮೀ.; ಅದನ್ನು ದಪ್ಪ ತಂತಿಯಿಂದ ಉಜ್ಜಿ ದೊಡ್ಡದು ಮಾಡಿದರೆ ಬೆಂಕಿ ಚೆನ್ನಾಗಿ ಹೋಗುತ್ತದೆಂಬುದು ತಪ್ಪು ಎಣಿಕೆ. ನಳಿಗೆಯ ಒತ್ತಡ ಅದೇ ತೂತಿಂದ ಹಿಂದಕ್ಕೆ ನುಗ್ಗಿ, ಕುದುರೆ ಎದ್ದು, ಕೇಪಿನ ಚೂರು ಮುಖಕ್ಕೆ ಹಾರುತ್ತದೆ. ಪಿನ್ನಿನ ತುದಿಯಲ್ಲಿ ಕಪ್ಪು ಜಿಡ್ಡು ಬಂದರೆ ಕಳ್ಳ ಸಿಕ್ಕಿದ. ಹೊಸ ಕೇಪು ಹಾಕಿ, ಮತ್ತೆ ಅದೇ ದಿಕ್ಕಿಗೆ ಹಾರಿಸಿ.

ಆಗಲೂ ಹೋಗದಿದ್ದರೆ ಮತ್ತೆ ಕಾದು, ನಿಪ್ಪಲನ್ನು ಅದರ ಸ್ಪ್ಯಾನರಿನಿಂದ ಬಿಚ್ಚಿ, ಒರೆಸಿ, ಕೆಳಗಿನ ತೂತಿಗೆ 3ರಿಂದ 5 ಗ್ರೇನ್ ಕರಿಮದ್ದು ಉದುರಿಸಿ. ಅಂದರೆ ಕಾಲು ಗ್ರಾಂ ಆಸುಪಾಸು, ಒಂದು ಸಣ್ಣ ಚಿಟಿಕೆ. ನಿಪ್ಪಲ್ ಬಿಗಿಮಾಡಿ, ಗುಂಡನ್ನು ಗಜದಿಂದ ಇನ್ನೊಮ್ಮೆ ಒತ್ತಿ, ಗಜ ಹೊರತೆಗೆದು, ಕೇಪು ಹಾಕಿ ಹಾರಿಸಿ. ಮದ್ದಿಲ್ಲದೆ ಇಳಿಸಿದ ಗುಂಡನ್ನು ಹೊರಗೆ ದೂಡಲೂ ಇದೇ ಉಪಾಯ, ಆದರೆ ಒತ್ತುವುದನ್ನು ಮರೆಯುವಂತಿಲ್ಲ. ಇದೂ ಫಲಿಸದಿದ್ದರೆ ಒಳಗಿನ ಮದ್ದು ನೆಂದಿದೆ. ಬಾಯಿಯಿಂದಲೂ ನಿಪ್ಪಲ್ ತೂತಿಂದಲೂ ನೀರು ಹೊಯ್ದು ಮದ್ದನ್ನು ಪೂರ್ತಿ ಕೊಲ್ಲಿ. ಆಮೇಲೆ ಗಜದ ತುದಿಗೆ ತಿರುಪು ಹಾಕಿ ನಾರು (ಮದ್ದಿನ ಮೇಲೆ ಒತ್ತಿದ ಅಡಕ), ಚರೆ (ಸಣ್ಣ ಗುಂಡುಗಳು) ಎಲ್ಲ ಎಳೆಯಿರಿ. ಒಣಮದ್ದಿನ ಮೇಲೆ ಕಬ್ಬಿಣದ ತಿರುಪು ಆಡಿಸಬೇಡಿ.

ಇಷ್ಟೆಲ್ಲ ಪಾಡು ತಪ್ಪಿಸಲು ಮದ್ದು ತುಂಬುವ ಮೊದಲು ಎರಡು ಕೇಪು ಖರ್ಚು ಮಾಡಿದರೆ ಸಾಕು. ಗಜ ಇಳಿಸಿ ನಳಿಗೆ ಖಾಲಿ ಎಂದು ಖಾತ್ರಿ ಮಾಡಿಕೊಳ್ಳಿ. ಒಣಬಟ್ಟೆಯಿಂದ ನಳಿಗೆ ಒರೆಸಿ, ಬಾಯಿಯನ್ನು ಒಂದು ಗರಿಕೆ ಎಸಳಿನ ಹತ್ತಿರ ಹಿಡಿದು ಬರೀ ಕೇಪು ಸಿಡಿಸಿ. ಗರಿಕೆ ಅಲುಗಿದರೆ ದಾರಿ ತೆರೆದಿದೆ. ಅಲುಗದಿದ್ದರೆ ಎಣ್ಣೆ ಇದೆ. ಮತ್ತೊಂದು ಕೇಪು, ಮತ್ತೆ ಬಟ್ಟೆ. ಎಣ್ಣೆ ಕೂತ ತಳಕ್ಕೆ ಮದ್ದು ಸುರಿದರೆ ಮೊದಲು ನೆನೆಯುವುದು ನಿಪ್ಪಲ್ ಪಕ್ಕದ ಕಾಳುಗಳೇ.

ತಡವಾಗಿ ಹೋದರೆ

ಕೇಪಿಗೂ ಗುಂಡಿಗೂ ನಡುವೆ ಕಿವಿಗೆ ತಿಳಿಯುವಷ್ಟು ಅಂತರ ಬಂದರೆ ಅದು ಮುಂದೆ ಪೂರ್ತಿ ಕೈಕೊಡುವುದರ ಮುನ್ಸೂಚನೆ. ದಾರಿ ಅರ್ಧ ಕಟ್ಟಿದೆ, ಇಲ್ಲವೇ ಮದ್ದು ತೇವ ಎಳೆದಿದೆ. ಪೈರೋಡೆಕ್ಸ್‌ನಂಥ ಬದಲಿ ಮದ್ದಿಗೆ ಕರಿಮದ್ದಿಗಿಂತ ಹೆಚ್ಚು ಬಿಸಿಯ ಬೆಂಕಿ ಬೇಕು, ಹಾಗಾಗಿ 11ನೇ ನಂಬರಿನ ಕೇಪಿಗೆ ಅದು ತಡಮಾಡುವುದುಂಟು. ಏನೇ ಆದರೂ ಕಾರ್ಟ್ರಿಡ್ಜಿನ ಹೊಗೆಯಿಲ್ಲದ ಮದ್ದು, ಪಟಾಕಿ ಮದ್ದು ಹಾಕಬೇಡಿ, ನಳಿಗೆ ಒಡೆಯುತ್ತದೆ. ಪರವಾನಗಿ ಇರುವ ಅಂಗಡಿಯ ಮದ್ದನ್ನೇ ಬಳಸಿ.

ಅಮೆರಿಕದಲ್ಲಿ ಬಳಕೆಯಲ್ಲಿರುವ ಹೊಸ ಮಾದರಿಗಳಲ್ಲಿ ಕೇಪು ನಳಿಗೆಯ ಹಿಂದೆ ನೇರಕ್ಕೆ ಕೂರುತ್ತದೆ, ಬೆಂಕಿ ತಿರುಗಬೇಕಿಲ್ಲ. ಹೆಚ್ಚಿನವುಗಳಲ್ಲಿ ಮಾಮೂಲಿ ಕೇಪಿನ ಬದಲು ಕಾರ್ಟ್ರಿಡ್ಜಿಗೆ ಹಾಕುವಂಥ 209 ನಂಬರಿನ ಪ್ರೈಮರ್ ಇರುತ್ತದೆ. ಅಲ್ಲಿ ಕಟ್ಟುವುದು ನಳಿಗೆಯ ಹಿಂಬದಿ ಮುಚ್ಚುವ ಬ್ರೀಚ್ ಪ್ಲಗ್ಗಿನ ತೂತು. ಗಟ್ಟಿ ಮಸಿಯನ್ನು ಅಳತೆಯ ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ತೆಗೆಯುತ್ತಾರೆ. ಪ್ಲಗ್ಗಿನ ಥ್ರೆಡ್ಡಿಗೆ ಗ್ರೀಸ್ ಹಚ್ಚದಿದ್ದರೆ ಒಂದು ಹಂಗಾಮಿನಲ್ಲೇ ಕಚ್ಚಿಕೊಳ್ಳುತ್ತದೆ.

ತೊಳೆಯುವುದು, ಇಡುವುದು

ಕರಿಮದ್ದಿನ ಮಸಿಯಲ್ಲಿರುವ ಪೊಟ್ಯಾಸಿಯಂ ಲವಣಗಳು ಗಾಳಿಯ ತೇವ ಎಳೆದುಕೊಳ್ಳುತ್ತವೆ. ಮಂಡ್ಯ ಕಡೆಯ ವಿಸಿ (ವಿಶ್ವೇಶ್ವರಯ್ಯ) ನಾಲೆ ಬಯಲಿನ ತಂಪಿನಲ್ಲಿ ಮರುದಿನಕ್ಕೇ ತುಕ್ಕು ಶುರು. ಆ ಮಸಿ ಎಣ್ಣೆಗೆ ಕರಗದು, ನೀರಿಗೆ ಕರಗುತ್ತದೆ. ಅದೇ ದಿನ ನಿಪ್ಪಲ್ ಬಿಚ್ಚಿ, ಹಿಂಬದಿ ಬಿಸಿನೀರಿನ ಬಕೆಟ್ಟಿನಲ್ಲಿರುವಂತೆ ನಳಿಗೆ ನಿಲ್ಲಿಸಿ, ಬಟ್ಟೆ ಸುತ್ತಿದ ಗಜ ಮೇಲೆ ಕೆಳಗೆ ಆಡಿಸಿ. ನೀರು ನಿಪ್ಪಲ್ ತೂತಿಂದ ಒಳಗೆ ಹೊರಗೆ ಓಡಾಡಬೇಕು. ನೀರು ತಿಳಿಯಾಗುವ ತನಕ ಬದಲಿಸಿ. ಪೂರ್ತಿ ಒಣಗಿದ ಮೇಲೆ ತೆಳ್ಳಗೆ ಎಣ್ಣೆ ಹಚ್ಚಿ, ಒಂದು ರಾತ್ರಿ ಬಾಯಿ ಕೆಳಗಾಗಿ ಒರಗಿಸಿ. ಬಾಯಿ ಮೇಲಾಗಿ ಗೋಡೆಗೆ ತೂಗುಹಾಕಿದರೆ ಎಣ್ಣೆಯೆಲ್ಲ ಜಾರಿ ನಿಪ್ಪಲ್ ಬುಡ ಸೇರುತ್ತದೆ.

ಆಯುಧಪೂಜೆಯ ಮರುದಿನವೂ ಒಮ್ಮೆ ಪಿನ್ನು ಹಾಕಿ. ಭಕ್ತಿ ಇರಲಿ, ಅರಿಶಿನ ಕುಂಕುಮವನ್ನು ಕಟ್ಟಿಗೆಯ ಹಿಡಿಗೆ ಇಟ್ಟರೆ ಸಾಲದೇ? ನಿಪ್ಪಲ್ ತುದಿಗೇ ಇಟ್ಟ ಬೊಟ್ಟು ಒಣಗಿ ಬಿರಡೆಯಾಗುತ್ತದೆ.

ಚುನಾವಣೆ ಬಂದಾಗ ಸಾಮಾನ್ಯವಾಗಿ ಬಂದೂಕನ್ನು ಠಾಣೆಗೆ ಒಪ್ಪಿಸಬೇಕಾಗುತ್ತದೆ. ಒಪ್ಪಿಸುವ ಮುನ್ನ ಖಾಲಿ ಮಾಡಿ, ತೊಳೆದು, ಎಣ್ಣೆ ಹಚ್ಚಿ ಕೊಡಿ. ವಾರಗಟ್ಟಲೆ ಯಾರೂ ಅದನ್ನು ಮುಟ್ಟುವುದಿಲ್ಲ. ವಾಪಸು ತಂದಾಗ ಗಟ್ಟಿಯಾದ ಎಣ್ಣೆಯನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಕೇಪಿನ ಪರೀಕ್ಷೆ ಮಾಡದೆ ಮದ್ದು ಹಾಕಬೇಡಿ.

ರಾತ್ರಿ ಕಾವಲಿಗೆ ಇಬ್ಬನಿಯಲ್ಲಿ ಕೂರುವುದಾದರೆ ಕೇಪಿನ ಅಂಚಿಗೆ ಸುತ್ತಲೂ ಜೇನುಮೇಣ ಸವರಿ, ತೇವ ಒಳಗಿಳಿಯದು. ತುಂಬಿದ ಬಂದೂಕನ್ನು ಗುಡಿಸಲಿನಲ್ಲಿ ದಿನಗಟ್ಟಲೆ ಬಿಡುವುದು ಮದ್ದಿಗೂ ಕೆಡುಕು, ಮನೆಯವರಿಗೂ ಅಪಾಯ. ಹಂದಿ ಬೆದರಿಸಲು ಗುಂಡು ಬೇಕಿಲ್ಲ, ಮದ್ದು ನಾರಿನ ಸದ್ದೇ ಸಾಕು. ಅನುಮತಿಯಿಲ್ಲದೆ ಕೊಂದರೆ 1972ರ ವನ್ಯಜೀವಿ ಕಾಯ್ದೆಯ ಕೇಸು. ನಳಿಗೆ ಉಬ್ಬಿದ್ದರೆ, ನಿಪ್ಪಲ್ ಕೂರುವ ಥ್ರೆಡ್ ಸವೆದಿದ್ದರೆ ಊರಿನ ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ. ರಿಪೇರಿಗೂ 1959ರ ಆಯುಧ ಕಾಯ್ದೆಯಲ್ಲಿ ಪರವಾನಗಿ ಬೇಕು, ಅದಿರುವ ಅಂಗಡಿಗೇ ಕೊಡಿ.