ಸವೆದ ಆಣೆಯ ಇಸವಿಯನ್ನು ಫೆರಿಕ್ ಕ್ಲೋರೈಡಿನಿಂದ ಓದಿದ ಬಗೆ

ಮೈಸೂರಿನ ಹಳೆಯ ಮನೆಗಳ ಪೆಟ್ಟಿಗೆಗಳಿಂದಲೂ ಹಳೆಯ ಪಾತ್ರೆ ಕೊಳ್ಳುವವರ ಡಬ್ಬಗಳಿಂದಲೂ ನನಗೆ ಹೆಚ್ಚಾಗಿ ಸಿಕ್ಕಿರುವ ನಾಣ್ಯಗಳೆಂದರೆ ಅಂಚು ಅಲೆಅಲೆಯಾಗಿರುವ ಒಂದು ಆಣೆ ಮತ್ತು ಮೂಲೆ ದುಂಡಗಿರುವ ಚೌಕದ ಎರಡು ಆಣೆ. ಮೊದಲನೆಯದನ್ನು 1907ರಿಂದ, ಎರಡನೆಯದನ್ನು 1918ರಿಂದ ತಾಮ್ರ ಮತ್ತು ನಿಕಲ್‌ಗಳ ಮಿಶ್ರಲೋಹದಲ್ಲಿ ಅಚ್ಚು ಹಾಕುತ್ತಿದ್ದರು. ನೂರಕ್ಕೆ 75 ಪಾಲು ತಾಮ್ರ, 25 ಪಾಲು ನಿಕಲ್. 1957ರ ಏಪ್ರಿಲ್‌ನಲ್ಲಿ ನಯೇಪೈಸೆ ಬರುವವರೆಗೂ ಸಂತೆ, ಅಂಗಡಿ, ಹುಂಡಿಗಳಲ್ಲಿ ಕೈಬದಲಾಗುತ್ತಲೇ ಇದ್ದ ಕಾರಣ ಇವುಗಳಲ್ಲಿ ಎಷ್ಟೋ ನಾಣ್ಯಗಳ ಇಸವಿ ಪೂರ್ತಿ ಸವೆದುಹೋಗಿದೆ. ಇಸವಿವಾರು ಸಾಲು ಜೋಡಿಸುವವರಿಗೆ ಅಂಥ ನಾಣ್ಯ ಪ್ರಯೋಜನಕ್ಕೆ ಬಾರದು. ಅವುಗಳ ಇಸವಿಯನ್ನು ಫೆರಿಕ್ ಕ್ಲೋರೈಡ್ ಎಂಬ, ಲೋಹವನ್ನು ಕೊರೆಯುವ ರಾಸಾಯನಿಕದಿಂದ ಓದಲು ನಾನು ಅನುಸರಿಸಿದ ಕ್ರಮವನ್ನು, ಅದನ್ನು ಎಲ್ಲಿ ಬಳಸಬಾರದು ಎಂಬುದರ ಸಮೇತ ಇಲ್ಲಿ ಬರೆಯುತ್ತಿದ್ದೇನೆ.

ಈ ವಿಧಾನ ಪ್ರಚಾರಕ್ಕೆ ಬಂದದ್ದು ಅಮೆರಿಕದಲ್ಲಿ. ಅಲ್ಲಿ 1913ರಿಂದ 1938ರವರೆಗೆ ಹೊರಬಂದ, ಕಾಡೆಮ್ಮೆಯ ಚಿತ್ರವಿರುವ ಐದು ಸೆಂಟಿನ ನಾಣ್ಯದಲ್ಲಿ ಇಸವಿಯನ್ನು ಉಬ್ಬಿದ ಜಾಗದಲ್ಲಿ ಕೆತ್ತಿದ್ದರಿಂದ ಅದು ಬಹಳ ಬೇಗ ಸವೆಯುತ್ತಿತ್ತು. ಆ ನಾಣ್ಯದ ಲೋಹವೂ ನಮ್ಮ ಆಣೆಯ ಲೋಹವೂ ಒಂದೇ ಪ್ರಮಾಣದ ಮಿಶ್ರಣ. ಅಚ್ಚು ಭಾರಿ ಒತ್ತಡದಿಂದ ಬಡಿದಾಗ ಅಂಕಿಯ ಜಾಗದ ಲೋಹವೂ ಅದರ ಸುತ್ತಲಿನ ಲೋಹವೂ ಬೇರೆಬೇರೆ ರೀತಿಯಲ್ಲಿ ಅದುಮಿಕೊಳ್ಳುತ್ತವೆ. ಮೇಲಿನ ಉಬ್ಬು ಸವೆದ ಮೇಲೂ ಒಳಗಿನ ಆ ವ್ಯತ್ಯಾಸ ಉಳಿದಿರುತ್ತದೆ. ಫೆರಿಕ್ ಕ್ಲೋರೈಡ್ ಈ ಎರಡು ಭಾಗಗಳನ್ನು ಒಂದೇ ವೇಗದಲ್ಲಿ ಕೊರೆಯುವುದಿಲ್ಲ, ಆದ್ದರಿಂದ ಅಂಕಿಯ ಆಕಾರ ಮಬ್ಬಾಗಿ ಕಾಣುತ್ತದೆ. ವಾಹನಗಳ ಉಜ್ಜಿಹಾಕಿದ ಚಾಸಿ ಸಂಖ್ಯೆಯನ್ನು ಅಪರಾಧ ಪ್ರಯೋಗಾಲಯಗಳಲ್ಲಿ ಓದುವುದೂ ಇದೇ ತತ್ತ್ವದಿಂದ, ರಾಸಾಯನಿಕ ಮಾತ್ರ ಬೇರೆ. ಹೀಗಾಗಿ ಅಳಿದ ಇಸವಿ ಮರಳಿ ಮೂಡಿತು ಎನ್ನುವುದಕ್ಕಿಂತ ಲೋಹದೊಳಗೆ ಉಳಿದಿದ್ದ ಗುರುತನ್ನು ಮೇಲಿನ ಪದರವನ್ನು ತಿನ್ನಿಸಿ ಓದಿಕೊಂಡೆವು ಎನ್ನುವುದೇ ಸರಿ. ತಿಂದುಹೋದ ಪದರ ಮತ್ತೆ ಬರುವುದಿಲ್ಲ.

ಆದ್ದರಿಂದ ನಾನು ಮೊದಲು ಬೆಳಕಿನಿಂದಲೇ ಓದಲು ಪ್ರಯತ್ನಿಸುತ್ತೇನೆ. ಕತ್ತಲೆ ಕೋಣೆಯಲ್ಲಿ ನಾಣ್ಯವನ್ನು ಮೇಜಿನ ಮೇಲಿಟ್ಟು, ಟಾರ್ಚನ್ನು ಹೆಚ್ಚುಕಡಿಮೆ ಮೇಜಿನ ಮಟ್ಟಕ್ಕೇ ಇಳಿಸಿ, ನಾಣ್ಯವನ್ನು ನಿಧಾನವಾಗಿ ತಿರುಗಿಸುತ್ತಾ ಭೂತಗನ್ನಡಿಯಲ್ಲಿ ನೋಡಿದರೆ, ಸಾಧಾರಣ ಬೆಳಕಿನಲ್ಲಿ ಬರಿದಾಗಿ ಕಂಡ ಜಾಗದಲ್ಲಿ ಎಷ್ಟೋ ಸಲ ಕೊನೆಯ ಎರಡು ಅಂಕಿಗಳ ನೆರಳು ಸಿಗುತ್ತದೆ. ಸಿಕ್ಕರೆ ಕೆಲಸ ಅಲ್ಲಿಗೆ ಮುಗಿಯಿತು. ರಾಸಾಯನಿಕದ ಬಾಟಲಿಯನ್ನು ತೆರೆಯುವ ಅಗತ್ಯವಿಲ್ಲ.

ಸಿಗದಿದ್ದರೆ ನಾಣ್ಯವನ್ನು ಸೋಪುನೀರಿನಲ್ಲಿ ತೊಳೆದು, ಅಸಿಟೋನಿನಲ್ಲಿ ಅದ್ದಿ ಜಿಡ್ಡು ತೆಗೆದು ಒಣಗಿಸುತ್ತೇನೆ, ಏಕೆಂದರೆ ಬೆರಳಿನ ಎಣ್ಣೆ ಉಳಿದಿದ್ದರೆ ದ್ರಾವಣ ಎಲ್ಲ ಕಡೆ ಒಂದೇ ಸಮನಾಗಿ ಹಿಡಿಯುವುದಿಲ್ಲ. ಸರ್ಕ್ಯೂಟ್ ಬೋರ್ಡ್ ಕೊರೆಯಲು ಬಳಸುವ ಫೆರಿಕ್ ಕ್ಲೋರೈಡ್ ಎಲೆಕ್ಟ್ರಾನಿಕ್ ಬಿಡಿಭಾಗಗಳ ಅಂಗಡಿಗಳಲ್ಲಿ ದೊರೆಯುತ್ತದೆ. ಕೈಗವಸು, ಕನ್ನಡಕ, ತೆರೆದ ಕಿಟಕಿ ಇಲ್ಲದೆ ಅದನ್ನು ಮುಟ್ಟಬಾರದು. ಅದು ಚರ್ಮವನ್ನು ಸುಡುತ್ತದೆ, ಬಟ್ಟೆಗೆ ತಾಗಿದ ಹಳದಿಗಂದು ಕಲೆ ಹೋಗುವುದಿಲ್ಲ, ಸ್ಟೀಲ್ ಸಿಂಕನ್ನೂ ಕೊರೆಯುತ್ತದೆ. ಗಾಜಿನ ತಟ್ಟೆಯಲ್ಲಿ ನಾಣ್ಯವನ್ನಿಟ್ಟು ಇಸವಿಯ ಜಾಗಕ್ಕೆ ಮಾತ್ರ ಒಂದು ಹನಿ ಬಿಟ್ಟು, ಆ ಜಾಗ ಕಪ್ಪಾಗುವುದನ್ನು ನೋಡುತ್ತಾ ಕಾಯಬೇಕು. ಕೆಲವು ನಿಮಿಷಗಳ ನಂತರ ಅಡಿಗೆ ಸೋಡಾ ಕದಡಿದ ನೀರಿನಲ್ಲಿ ತೊಳೆದು, ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಮತ್ತೆ ತೊಳೆದು, ಓರೆ ಬೆಳಕಿನಲ್ಲಿ ನೋಡಬೇಕು. ಅಂಕಿ ಕಾಣದಿದ್ದರೆ ಇನ್ನೊಂದು ಹನಿ. ಕಂಡ ಕೂಡಲೇ ನಿಲ್ಲಿಸಿ ಫೋಟೊ ತೆಗೆದುಕೊಳ್ಳಬೇಕು, ಏಕೆಂದರೆ ಇನ್ನಷ್ಟು ಸ್ಪಷ್ಟವಾಗಲಿ ಎಂದು ಮುಂದುವರಿಸಿದರೆ ಗುರುತು ಉಳಿದಿದ್ದ ತೆಳುವಾದ ಪದರವೇ ಕರಗಿಹೋಗುತ್ತದೆ.

ಓದುವುದರಲ್ಲಿ ಆತುರ ಸಲ್ಲದು. ಹೀಗೆ ಮೂಡಿದ 3 ಮತ್ತು 8, 6 ಮತ್ತು 0 ಒಂದರಂತೆ ಇನ್ನೊಂದು ಕಾಣುತ್ತವೆ, ಆದ್ದರಿಂದ ಅದೇ ಮಾದರಿಯ ಸ್ಪಷ್ಟ ನಾಣ್ಯವನ್ನು ಪಕ್ಕದಲ್ಲಿಟ್ಟುಕೊಂಡು ಅಂಕಿಯ ತಿರುವುಗಳನ್ನು ಹೋಲಿಸಿದ ಮೇಲೆಯೇ ನಾನು ಇಸವಿ ಬರೆದುಕೊಳ್ಳುವುದು. ಟಂಕಸಾಲೆಯನ್ನಂತೂ ಈ ವಿಧಾನದಿಂದ ನಿರ್ಧರಿಸಲೇಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಐದನೆಯ ಜಾರ್ಜನ ಆಣೆಗಳಲ್ಲಿ ಮುಂಬಯಿಯ ಗುರುತು ಒಂದು ಚಿಕ್ಕ ಚುಕ್ಕೆ, ಕಲ್ಕತ್ತೆಯದಕ್ಕೆ ಗುರುತೇ ಇಲ್ಲ; ರಾಸಾಯನಿಕ ಕೊರೆದ ಜಾಗದಲ್ಲಿ ಅಂಥ ಚುಕ್ಕೆ ಅಳಿಯಲೂಬಹುದು, ಇಲ್ಲದ ಚುಕ್ಕೆಯಂತೆ ಒಂದು ಗುಳಿ ಹುಟ್ಟಲೂಬಹುದು.

ಸ್ವಾತಂತ್ರ್ಯಾನಂತರ 1950ರಲ್ಲಿ ಬಂದ ರೂಪಾಯಿ, ಅರ್ಧ ರೂಪಾಯಿ, ಕಾಲು ರೂಪಾಯಿಗಳು ಶುದ್ಧ ನಿಕಲ್‌ನವು. ಅಯಸ್ಕಾಂತಕ್ಕೆ ಅಂಟಿದರೆ ಅದು ಆಣೆಯ ಮಿಶ್ರಲೋಹವಲ್ಲವೆಂದು ತಿಳಿಯಬಹುದು. ಅವುಗಳ ಮೇಲೆ ಮತ್ತು ಬೆಳ್ಳಿ ನಾಣ್ಯಗಳ ಮೇಲೆ ನಾನು ಇದನ್ನು ಬಳಸುವುದಿಲ್ಲ.

ಶ್ರೀರಂಗಪಟ್ಟಣದ ಸುತ್ತಮುತ್ತಲಿನಿಂದ ಬರುವ ಟಿಪ್ಪುವಿನ ಆನೆ ಕಾಸುಗಳ (ಆನೆಯ ಚಿತ್ರವಿರುವ ತಾಮ್ರದ ನಾಣ್ಯಗಳ) ಬಗ್ಗೆ ಕೇಳುವವರು ಅನೇಕರು. ದಯವಿಟ್ಟು ಅವುಗಳಿಗೆ ಒಂದು ಹನಿಯನ್ನೂ ತಾಗಿಸಬೇಡಿ. ತಾಮ್ರವನ್ನು ಫೆರಿಕ್ ಕ್ಲೋರೈಡ್ ಬೇಗನೆ ತಿನ್ನುತ್ತದೆ. ಇನ್ನೂರು ವರ್ಷಗಳಿಂದ ಲೋಹವನ್ನು ಕಾಪಾಡಿರುವ ಕಂದು ಪದರವೇ ಮೊದಲು ಹೋಗುತ್ತದೆ. ಅವು ಕೈಯಿಂದ ಬಡಿದ ನಾಣ್ಯಗಳು. ಅಚ್ಚಿಗಿಂತ ಬಿಲ್ಲೆ ಚಿಕ್ಕದಾಗಿದ್ದು ಇಸವಿಯ ಭಾಗ ಅಂಚಿನಾಚೆ ಬಿದ್ದಿರುವುದು ಸಾಮಾನ್ಯ, ಅಂದರೆ ಎಂದೂ ಅಚ್ಚಾಗದ ಇಸವಿಯನ್ನು ಯಾವ ರಾಸಾಯನಿಕವೂ ತೋರಿಸಲಾರದು. ಅವುಗಳ ಕಾಲವನ್ನು ತಿಳಿಯಲು ಬೇರೆ ಆಧಾರಗಳಿವೆ: 1787ರಿಂದ ಟಿಪ್ಪು ಪ್ರವಾದಿ ಮುಹಮ್ಮದರ ಜನನದಿಂದ ಎಣಿಸುವ ಮೌಲೂದಿ ಶಕೆಯನ್ನು ಬಳಸಿ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದ, ಹೀಗಾಗಿ ಒಂದೆರಡು ಅಂಕಿ ಉಳಿದಿದ್ದರೂ ಅವುಗಳ ಸ್ಥಾನವನ್ನೂ ಟಂಕಸಾಲೆಯ ಹೆಸರನ್ನೂ ಸೇರಿಸಿ ನೋಡಿ ಕಾಲವನ್ನು ಬಹುಮಟ್ಟಿಗೆ ಗುರುತಿಸಬಹುದು.

ಬಳಸಿದ ದ್ರಾವಣದಲ್ಲಿ ತಾಮ್ರ ಸೇರಿರುವುದರಿಂದ ಅದನ್ನು ಚರಂಡಿಗೆ ಸುರಿಯುವುದಿಲ್ಲ. ವಾಷಿಂಗ್ ಸೋಡಾ ಹಾಕಿ, ನೊರೆ ನಿಂತ ಮೇಲೆ ತಳಕ್ಕಿಳಿದ ಕೆಸರನ್ನು ಒಣಗಿಸಿ ಅಪಾಯಕಾರಿ ಕಸವಾಗಿ ಬೇರೆ ಇಡುತ್ತೇನೆ. ಇಸವಿ ಓದಿದ ಆಣೆಯ ಮೇಲೆ ಒರಟಾದ, ಬಣ್ಣಗೆಟ್ಟ ಕಲೆ ಶಾಶ್ವತವಾಗಿ ಉಳಿಯುವುದರಿಂದ ಅದು ಸಹಜ ಇಸವಿಯಿರುವ ನಾಣ್ಯದ ಬೆಲೆಗೆ ಎಂದೂ ಸಮನಾಗದು. ಅಂಥ ಪ್ರತಿಯೊಂದು ನಾಣ್ಯದ ಲಕೋಟೆಯ ಮೇಲೂ ‘ಇಸವಿಯನ್ನು ರಾಸಾಯನಿಕದಿಂದ ಓದಿದ್ದು’ ಎಂದು ಬರೆದಿಡುತ್ತೇನೆ, ಯಾರಿಗಾದರೂ ಕೊಡುವಾಗ ಲಕೋಟೆಯ ಸಮೇತವೇ ಕೊಡುತ್ತೇನೆ.